ಗೊತ್ತಿರುವುದಕ್ಕೂ ಅಚ್ಚಾಗುವುದಕ್ಕೂ ನಡುವೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಚಕ್ರವ್ಯೂಹದ ಶಿಲ್ಪವೊಂದಿದೆ. ಯೋಧರನ್ನು ಶಿಲ್ಪಿ ನಾವು ಎದುರಿಗೆ ನಿಂತು ನೋಡಿದಂತೆ ಕೆತ್ತಿದ್ದಾನೆ. ವ್ಯೂಹವನ್ನು ಮಾತ್ರ ಮೇಲಿನಿಂದ ನೋಡಿದಂತೆ, ಸುರುಳಿಯಾಗಿ ಬಿಡಿಸಿಟ್ಟಿದ್ದಾನೆ. ನುಗ್ಗುತ್ತಿರುವ ಅಭಿಮನ್ಯುವಿಗೆ ಕಾಣದ ದಾರಿ ಹೊರಗೆ ನಿಂತ ನಮಗೆ ಪೂರ್ತಿ ಕಾಣುತ್ತದೆ. ಅವನು ಹೊರಬರಲಾರ ಎಂಬುದು ನಮಗೆ ಬಾಲ್ಯದಿಂದಲೇ ಗೊತ್ತು. ಆದರೂ ಆ ಗೋಡೆಯ ಮುಂದೆ ಕಾಲು ನಿಲ್ಲುತ್ತದೆ.

ರೋಚಕ ಕಥೆಯ ಮೊದಲ ಪಾಠ ಈ ಕಲ್ಲಿನಲ್ಲೇ ಇದೆ. ಗುಟ್ಟನ್ನು ಕೊನೆಯವರೆಗೂ ಬಚ್ಚಿಟ್ಟರೆ ಮಾತ್ರ ಓದುಗ ತುದಿಗಾಲಲ್ಲಿ ನಿಲ್ಲುತ್ತಾನೆ ಎಂದು ಹೊಸದಾಗಿ ಬರೆಯುವವರು ಭಾವಿಸುತ್ತಾರೆ. ಆದರೆ ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು, ಯಾರಿಗೆ ಇನ್ನೂ ಗೊತ್ತಿಲ್ಲ ಎಂಬ ಹಂಚಿಕೆಯಲ್ಲಿ ಕಥೆಯ ಬಿಗಿ ಇರುತ್ತದೆ. ಚಲನಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನೇ ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಿದ್ದರು. ಬಾಂಬು ತಟ್ಟನೆ ಸಿಡಿದರೆ ನೋಡುಗರು ಒಂದು ಕ್ಷಣ ಬೆಚ್ಚುತ್ತಾರೆ. ಬಾಂಬು ಅಲ್ಲಿದೆಯೆಂದು ಮೊದಲೇ ತೋರಿಸಿ, ಮೇಜಿನ ಸುತ್ತ ಕುಳಿತವರನ್ನು ಸುಮ್ಮನೆ ಮಾತಾಡಲು ಬಿಟ್ಟರೆ ಅಷ್ಟು ಹೊತ್ತೂ ನೋಡುಗರ ಉಸಿರು ಬಿಗಿಯುತ್ತದೆ.

ಈ ಲೇಖನ ರೋಚಕ ಕಥೆಗಳಲ್ಲಿ ಒಂದು ಬಗೆಯನ್ನು ಕುರಿತದ್ದು. ಅದರಲ್ಲಿ ಕೊಲೆಗಾರನ ಬೆನ್ನು ಹತ್ತುವವನು ಪೊಲೀಸನಲ್ಲ, ಖಾಸಗಿ ಪತ್ತೇದಾರನೂ ಅಲ್ಲ, ಒಬ್ಬ ವರದಿಗಾರ. ಹೊರಗಿನಿಂದ ನೋಡಿದರೆ ಇದು ಪತ್ತೇದಾರಿ ಕಥೆಯ ಇನ್ನೊಂದು ವೇಷ ಎನಿಸುತ್ತದೆ. ಹತ್ತಿರದಿಂದ ನೋಡಿದರೆ ಇದರ ಕಸುಬು ಬೇರೆಯೇ ಎಂಬುದು ತಿಳಿಯುತ್ತದೆ. ಆ ಕಸುಬಿನ ಬಗ್ಗೆ ನನಗೆ ತುಂಬ ಗೌರವ. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ನೆಲದಲ್ಲಿ ಅಂಥ ಕಥೆಗೆ ಏನೆಲ್ಲ ಸಾಮಗ್ರಿ ಕಾದಿದೆ ಎಂಬುದನ್ನೂ ಇಲ್ಲಿ ಹೇಳಬೇಕು.

ವರದಿಗಾರ ಪತ್ತೇದಾರನಾದ ಕಥೆ ಹೊಸದಲ್ಲ. ಫ್ರಾನ್ಸಿನ ಗಾಸ್ಟನ್ ಲೆರೂ 1907ರಲ್ಲಿ 'ಹಳದಿ ಕೋಣೆಯ ರಹಸ್ಯ' ಕಾದಂಬರಿಯನ್ನು ಬರೆದಾಗ, ಒಳಗಿನಿಂದ ಬೀಗ ಬಿದ್ದ ಕೋಣೆಯ ಗಂಟು ಬಿಡಿಸಲು ರೂಲ್‌ತಬೀಯ್ ಎಂಬ ಎಳೆಯ ವರದಿಗಾರನನ್ನೇ ಆರಿಸಿಕೊಂಡ. ಲೆರೂ ಸ್ವತಃ ನ್ಯಾಯಾಲಯದ ಕಲಾಪಗಳನ್ನು ವರದಿ ಮಾಡಿದವನು. ನಮ್ಮಲ್ಲಿ ಪತ್ತೇದಾರಿಯನ್ನು ಮನೆಮನೆಗೆ, ಬಸ್ ನಿಲ್ದಾಣದ ಅಂಗಡಿಗೆ, ಬಾಡಿಗೆ ಪುಸ್ತಕಾಲಯಕ್ಕೆ ತಲುಪಿಸಿದವರು ಬೇಲೂರಿಗೆ ಪಕ್ಕದ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಎನ್. ನರಸಿಂಹಯ್ಯನವರು. ಹೆಚ್ಚು ಓದಲು ಅವಕಾಶವಿಲ್ಲದೆ ಬೆಳೆದ ಅವರು ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರು ಒಂದು ತಲೆಮಾರಿಗೆ ಕನ್ನಡ ಓದುವ ರುಚಿ ಹತ್ತಿಸಿದರು. ಈ ಉಪಕಾರವನ್ನು ನಮ್ಮ ಸಾಹಿತ್ಯ ಚರಿತ್ರೆ ತಕ್ಕಷ್ಟು ನೆನೆದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪುರುಷೋತ್ತಮನಂಥ ಪತ್ತೇದಾರನಿಗೆ ಬೇಕಾದದ್ದು ಸತ್ಯ. ಅದು ಸಿಕ್ಕ ಕ್ಷಣ ಅವನ ಕೆಲಸ ಮುಗಿಯಿತು; ಉಳಿದದ್ದನ್ನು ಪೊಲೀಸರು ನೋಡಿಕೊಳ್ಳುತ್ತಾರೆ. ಪೊಲೀಸ್ ಅಧಿಕಾರಿಗೆ ಬಂಧಿಸುವ, ಶೋಧಿಸುವ, ಸಮನ್ಸ್ ಕೊಟ್ಟು ಕರೆಸುವ ಅಧಿಕಾರ ಇರುತ್ತದೆ. ವರದಿಗಾರನ ಕೈಯಲ್ಲಿ ಇವು ಯಾವುವೂ ಇಲ್ಲ. ಯಾರ ಮನೆಯ ಬಾಗಿಲನ್ನೂ ಅವನು ಬಲವಂತದಿಂದ ತೆಗೆಸಲಾರ. ಕೇಳಿದ ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಕೊಲೆಗಾರ ಇವನೇ ಎಂದು ಅವನಿಗೆ ಮನದಟ್ಟಾದರೂ ಅದನ್ನು ಬರೆಯುವಂತಿಲ್ಲ. ಬರೆಯಬೇಕಾದರೆ ಆಧಾರ ಬೇಕು, ಸಂಪಾದಕ ಒಪ್ಪಬೇಕು, ನಾಳೆ ಮಾನನಷ್ಟ ಮೊಕದ್ದಮೆ ಬಿದ್ದರೆ ನ್ಯಾಯಾಲಯದಲ್ಲಿ ನಿಲ್ಲಬೇಕು. ಸತ್ಯ ಗೊತ್ತಾಗುವುದಕ್ಕೂ ಅದು ಅಚ್ಚಾಗುವುದಕ್ಕೂ ನಡುವೆ ಒಂದು ಕಂದರವಿದೆ. ಈ ಬಗೆಯ ಕಥೆ ನಡೆಯುವುದೆಲ್ಲ ಆ ಕಂದರದಲ್ಲಿ. ಕೊಲೆಗಾರನಿಗೂ ಅದು ಗೊತ್ತು. ವರದಿಗಾರನಿಗೆ ವಿಷಯ ತಿಳಿದಿದೆ, ಆದರೆ ಇನ್ನೂ ಪತ್ರಿಕೆಯಲ್ಲಿ ಬಂದಿಲ್ಲ ಎನ್ನುವ ಆ ನಾಲ್ಕೈದು ದಿನಗಳೇ ಕೊಲೆಗಾರನಿಗೆ ಇರುವ ಅವಕಾಶ. ಸಾಕ್ಷಿ ಸಾಯುವುದು, ಫೈಲು ಕಳೆದುಹೋಗುವುದು, ಮೇಲಿನಿಂದ ಫೋನ್ ಬರುವುದು ಆ ದಿನಗಳಲ್ಲೇ.

ಕನ್ನಡದಲ್ಲಿ ಈ ಕಂದರವನ್ನು ಅತ್ಯಂತ ಪ್ರಾಮಾಣಿಕವಾಗಿ ತೋರಿಸಿದ ಕೃತಿ ಯಾವುದೆಂದು ಕೇಳಿದರೆ, 1985ರ 'ಆಕ್ಸಿಡೆಂಟ್' ಸಿನಿಮಾ ಎಂದು ತಡವರಿಸದೆ ಹೇಳುತ್ತೇನೆ. ಅದನ್ನು ನಿರ್ದೇಶಿಸಿದವರು ಶಂಕರ್‌ನಾಗ್. ಪತ್ರಕರ್ತನ ಪಾತ್ರವೂ ಅವರದೇ. ಅಣ್ಣ ಅನಂತ್‌ನಾಗ್ ಅವರದು ಧರ್ಮಾಧಿಕಾರಿ ಎಂಬ ರಾಜಕಾರಣಿಯ ಪಾತ್ರ. ಧರ್ಮಾಧಿಕಾರಿಯ ಮಗ ದೀಪಕ್ ಮಾದಕ ವಸ್ತುವಿನ ಅಮಲಿನಲ್ಲಿ ರಾತ್ರಿ ಕಾರು ಓಡಿಸುತ್ತಾನೆ. ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಬದುಕಿ ಉಳಿಯುವವನು ರಾಮಣ್ಣ. ರಮೇಶ್ ಭಟ್ ಅವರು ಮಾಡಿದ ಪಾತ್ರ.

ಇಲ್ಲಿ ಕೊಂದವನು ಯಾರೆಂದು ನಮಗೆ ಆರಂಭದಲ್ಲೇ ಗೊತ್ತಾಗುತ್ತದೆ. ಯಾರು ಎಂಬ ಪ್ರಶ್ನೆಯನ್ನು ಕೈಬಿಟ್ಟು ನಿರ್ದೇಶಕರು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ: ಇದು ಎಂದಾದರೂ ಹೊರಗೆ ಬರುತ್ತದೆಯೇ? ಹಳೇಬೀಡಿನ ಶಿಲ್ಪಿ ಮಾಡಿದ್ದೂ ಇದನ್ನೇ. ವ್ಯೂಹದ ನಕ್ಷೆ ಮೊದಲೇ ನಮ್ಮ ಕೈಗೆ ಬಂದಿರುತ್ತದೆ. ಒಳಗೆ ಹೋಗುವ ಪತ್ರಕರ್ತನನ್ನು ಮೇಲಿನಿಂದ ನೋಡುತ್ತ ಕೂರುತ್ತೇವೆ. ಅವನು ಒಂದು ಸುಳಿವು ಹಿಡಿದು ಒಂದು ಹೆಜ್ಜೆ ಮುಂದೆ ಇಟ್ಟಾಗ ಅದರ ಮುಂದಿನ ತಿರುವಿನಲ್ಲಿ ಯಾರು ಕಾದಿದ್ದಾರೆ ಎಂಬುದು ನಮಗೆ ಮೊದಲೇ ತಿಳಿದಿರುತ್ತದೆ. ಹೀಗಾಗಿ ಒಂದು ಫೋನ್ ಕರೆ, ಠಾಣೆಯ ಮೇಜಿನ ಮೇಲಿನ ಒಂದು ಕಾಗದ, ಮನೆಯೊಂದರೊಳಗಿನ ಮಾತುಕತೆ ಇವೆಲ್ಲ ತೂಕ ಪಡೆಯುತ್ತವೆ.

ಈ ಚಿತ್ರದಲ್ಲಿ ಹಾಡಿಲ್ಲ. ಎಂಬತ್ತರ ದಶಕದ ಕನ್ನಡ ಸಿನಿಮಾದಲ್ಲಿ ಅದು ದೊಡ್ಡ ಧೈರ್ಯ. ಹಾಡು ಬಂದರೆ ನೋಡುಗ ಉಸಿರು ಬಿಡುತ್ತಾನೆ, ಕಾಲು ಚಾಚುತ್ತಾನೆ, ಗಡಿಯಾರ ನಿಲ್ಲುತ್ತದೆ. ಗಡಿಯಾರ ನಿಲ್ಲಬಾರದು ಎಂದು ತೀರ್ಮಾನಿಸಿದ ನಿರ್ದೇಶಕರು ಇಳಯರಾಜ ಅವರಿಂದ ಹಿನ್ನೆಲೆ ಸಂಗೀತವನ್ನು ಮಾತ್ರ ಪಡೆದರು. ನಾಲ್ಕು ವರ್ಷಗಳ ನಂತರ ಸುನಿಲ್ ಕುಮಾರ್ ದೇಸಾಯಿ ಅವರು 'ತರ್ಕ'ದಲ್ಲಿ ಹಾಡಿಲ್ಲದ ರೋಚಕ ಕಥೆಗೆ ಕೈ ಹಾಕಿದಾಗ, ಅಲ್ಲಿಯೂ ತೆರೆಯ ಮೇಲೆ ಇದ್ದವರು ಶಂಕರ್‌ನಾಗ್. 'ಆಕ್ಸಿಡೆಂಟ್'ಗೆ ಸಾಮಾಜಿಕ ವಿಷಯದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರಲ್ಲಿನ ಸತ್ತವರ ಸ್ಥಾನ. ಬಹಳಷ್ಟು ಕೊಲೆ ಕಥೆಗಳಲ್ಲಿ ಹೆಣ ಎಂದರೆ ಒಗಟಿನ ಮೊದಲ ಸಾಲು, ಅಷ್ಟೆ. ಇಲ್ಲಿ ಸತ್ತವರು ಊರು ಬಿಟ್ಟು ಬಂದ ಕೂಲಿಯ ಜನ. ಅವರ ಸಾವು ಸುದ್ದಿಯಾಗಲು ಯೋಗ್ಯವೇ ಎಂಬುದೇ ಚಿತ್ರದ ಒಳಗಿನ ಜಗಳ. ರಾಮಣ್ಣನ ಮುಖವನ್ನು ಮರೆಯಲು ಚಿತ್ರ ಎಲ್ಲಿಯೂ ಬಿಡುವುದಿಲ್ಲ. ಪತ್ರಕರ್ತ ಯಾರಿಗಾಗಿ ಓಡುತ್ತಿದ್ದಾನೆ ಎಂಬ ನೆನಪು ಇಲ್ಲದ ಕಥೆ ಎಷ್ಟೇ ವೇಗವಾಗಿ ಓಡಿದರೂ ಟೊಳ್ಳು.

ಇನ್ನು ಈ ಕಸುಬಿನ ಒಳಗಿನ ಕೆಲಸ ನೋಡೋಣ. ಕಥೆಗಾಗಿ ಅರಸೀಕೆರೆಯಲ್ಲಿ ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಅರಸೀಕೆರೆ ಜಂಕ್ಷನ್, ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರಿನ ಕಡೆಗೆ ಹಳಿ ಕವಲೊಡೆಯುವ ಜಾಗ. ಊರು ತೆಂಗು, ಕೊಬ್ಬರಿಯದು. ಕೊಬ್ಬರಿ ಮಂಡಿಯೊಂದರ ಗುಮಾಸ್ತ ಬೆಳಗಿನ ಜಾವ ಹಳಿಯ ಪಕ್ಕ ಹೆಣವಾಗಿ ಸಿಗುತ್ತಾನೆ. ತಾಲ್ಲೂಕು ವರದಿಗಾರ ಮೂರು ಸಾಲು ಬರೆದು ಕಳಿಸುತ್ತಾನೆ: ರೈಲಿಗೆ ಸಿಲುಕಿ ವ್ಯಕ್ತಿ ಸಾವು. ಇಂಥ ಮೂರು ಸಾಲುಗಳು ಒಳಪುಟದಲ್ಲಿ ದಿನಾ ಬರುತ್ತವೆ. ಕಥೆ ಶುರುವಾಗುವುದು ಆ ಮೂರು ಸಾಲಿನಲ್ಲಿ ಒಂದು ಪದ ಸರಿಯಿಲ್ಲ ಎಂದು ಅವನಿಗೆ ಅನ್ನಿಸಿದಾಗ.

ಮೊದಲ ಪ್ರಶ್ನೆ ಸರಹದ್ದಿನದು. ಹೆಣ ಹಳಿಯ ಮೇಲೆ, ನಿಲ್ದಾಣದ ಎಲ್ಲೆಯೊಳಗೆ ಇದ್ದರೆ ಪ್ರಕರಣ ರೈಲ್ವೆ ಪೊಲೀಸರದು. ಬೇಲಿಯಾಚೆ ಇದ್ದರೆ ಊರಿನ ಠಾಣೆಯದು. ರೈಲ್ವೆ ರಕ್ಷಣಾ ದಳ ಎಂಬುದು ಇವೆರಡೂ ಅಲ್ಲದ ಮೂರನೆಯದು. ಅದರ ಮುಖ್ಯ ಕೆಲಸ ರೈಲ್ವೆಯ ಆಸ್ತಿ ಮತ್ತು ಪ್ರಯಾಣಿಕರ ರಕ್ಷಣೆ. ರಾತ್ರಿ ಯಾರೋ ಹೆಣವನ್ನು ಹತ್ತು ಮಾರು ಈಚೆಗೆ ಎಳೆದಿದ್ದರೆ ತನಿಖೆ ಮಾಡುವ ಠಾಣೆಯೇ ಬದಲಾಗಿಬಿಡುತ್ತದೆ. ಊರಿನಲ್ಲಿ ಪ್ರಭಾವ ಇರುವವನಿಗೆ ಇದರ ಲಾಭ ಗೊತ್ತಿರುತ್ತದೆ. ಈ ಒಂದು ವಿವರದ ಮೇಲೆ ಇಡೀ ಕಾದಂಬರಿ ನಿಲ್ಲಿಸಬಹುದು. ಬರೆಯುವವನು ಅಲ್ಲಿ ಓಡಾಡಿ, ಕೇಳಿ ತಿಳಿದಿರಬೇಕು, ಅಷ್ಟೆ.

ಎರಡನೆಯದು ಕಾಗದ. ಕಾರಣ ಸ್ಪಷ್ಟವಿಲ್ಲದ ಸಾವು ಕಂಡಾಗ ಪೊಲೀಸರು ಮೊದಲು ಅಸಹಜ ಸಾವಿನ ಪ್ರಕರಣ ದಾಖಲಿಸುತ್ತಾರೆ. ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಎಂದು ಹಳೆಯ ವರದಿಗಾರರ ಬಾಯಲ್ಲಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಆಗಿದೆ. ಆ ಪ್ರಕರಣ ಕೊಲೆಯ ಎಫ್‌ಐಆರ್ ಆಗಿ ಬದಲಾಗುತ್ತದೆಯೇ ಇಲ್ಲವೇ ಎಂಬುದು ಕಥೆಯ ಮೊದಲ ದೊಡ್ಡ ತಿರುವು. ಪಂಚರ ಮುಂದೆ ನಡೆದ ಶವದ ಮಹಜರಿನಲ್ಲಿ ಮೈಮೇಲಿನ ಬಟ್ಟೆ, ಗಾಯ, ಜೇಬಿನಲ್ಲಿದ್ದ ವಸ್ತು ಎಲ್ಲವೂ ದಾಖಲಾಗಿರುತ್ತದೆ. ರೈಲು ಯಾರಿಗಾದರೂ ಬಡಿದದ್ದು ಲೋಕೊ ಪೈಲಟ್‌ಗೆ ಗೊತ್ತಾದರೆ ಅವರು ಸ್ಟೇಷನ್ ಮಾಸ್ಟರ್‌ಗೆ ತಿಳಿಸುತ್ತಾರೆ. ಅಲ್ಲಿಂದ ಪೊಲೀಸರಿಗೆ ಲಿಖಿತ ಮಾಹಿತಿ ಹೋಗುತ್ತದೆ. ಆ ರಾತ್ರಿ ಅಂಥ ಮಾಹಿತಿ ಯಾವ ರೈಲಿನಿಂದಲೂ ಬಂದಿಲ್ಲ ಎಂದರೆ ಅದೇನೂ ಕೊಲೆಗೆ ಸಾಕ್ಷಿಯಾಗುವುದಿಲ್ಲ, ಆದರೆ ವರದಿಗಾರನಿಗೆ ನಿದ್ದೆ ಬರುವುದಿಲ್ಲ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ಜೀವ ಇದ್ದಾಗ ಆದ ಗಾಯಕ್ಕೂ ಸತ್ತ ಮೇಲೆ ಆದ ಗಾಯಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಬಲ್ಲರು. ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ ವರದಿ ಬರಲು ಕಾಯಬೇಕು. ಕಾಯುವ ಆ ದಿನಗಳಲ್ಲಿ ಊರು ಮಾತಾಡುತ್ತದೆ, ಸಾಕ್ಷಿಗಳು ಮನಸ್ಸು ಬದಲಿಸುತ್ತಾರೆ.

ಗಮನಿಸಿ, ಇವುಗಳಲ್ಲಿ ಒಂದನ್ನೂ ಕೇಳಿ ಪಡೆಯುವ ಹಕ್ಕು ವರದಿಗಾರನಿಗೆ ಸಲೀಸಾಗಿ ಇಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ; ಆದರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದರೆ ಅರ್ಜಿ ತಿರಸ್ಕೃತವಾಗಬಹುದು. ಉಳಿದದ್ದೆಲ್ಲ ಮನುಷ್ಯರಿಂದ ಬರಬೇಕು. ಠಾಣೆಯ ಬರಹಗಾರ ಪೇದೆ, ಶವಾಗಾರದ ಸಿಬ್ಬಂದಿ, ನಿಲ್ದಾಣದ ಹೊರಗೆ ರಾತ್ರಿಯಿಡೀ ಚಹಾ ಮಾರುವವನು, ಮಂಡಿಯಲ್ಲಿ ಸತ್ತವನ ಪಕ್ಕ ಕೂತು ಲೆಕ್ಕ ಬರೆಯುತ್ತಿದ್ದವನು. ಒಳ್ಳೆಯ ಕಥೆಗಾರ ಇಲ್ಲಿ ನಿಧಾನ ಮಾಡುತ್ತಾನೆ. ಒಬ್ಬೊಬ್ಬರೂ ಯಾಕೆ ಬಾಯಿ ಬಿಡುತ್ತಾರೆ ಎಂಬುದಕ್ಕೆ ಕಾರಣ ಬೇಕು. ಹಳೆಯ ಋಣ, ಹಳೆಯ ಹಗೆ, ಪಾಪಪ್ರಜ್ಞೆ, ಅಥವಾ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಸಂಕಟ. ದುಡ್ಡು ಕೊಟ್ಟು ಮಾಹಿತಿ ಪಡೆಯುವ ದೃಶ್ಯ ಸಿನಿಮಾದಲ್ಲಿ ಸುಲಭ. ಸತ್ತವನ ತಂಗಿಯ ಮನೆಯ ಜಗಲಿಯ ಮೇಲೆ ಒಂದು ಗಂಟೆ ಸುಮ್ಮನೆ ಕೂತು, ಕೊನೆಗೆ ಅವಳೇ ಒಂದು ಚೀಟಿ ತಂದು ಕೊಡುವ ದೃಶ್ಯ ಬರೆಯುವುದು ಕಷ್ಟ.

ಮೂರನೆಯದು ಗಡಿಯಾರ. ಹಿಂದೆ ತಾಲ್ಲೂಕು ವರದಿಗಾರರು ಸುದ್ದಿ ಬರೆದ ಕವರನ್ನೂ ಫೋಟೊ ರೋಲನ್ನೂ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ತುರ್ತಾದರೆ ಟೆಲಿಗ್ರಾಂ, ಟ್ರಂಕ್ ಕಾಲ್. ಆಮೇಲೆ ಫ್ಯಾಕ್ಸ್ ಬಂತು. ಕಥೆಯನ್ನು ಆ ಕಾಲದಲ್ಲಿ ಇಟ್ಟರೆ ಒಂದು ಕವರು ಯಾವ ಬಸ್ಸಿನಲ್ಲಿ ಹೋಯಿತು, ತಲುಪಿತೇ ಇಲ್ಲವೇ ಎಂಬುದೇ ಉಸಿರು ಹಿಡಿಸುತ್ತದೆ. ಈಗ ಸುದ್ದಿ ಮೊಬೈಲಿನಿಂದ ಕ್ಷಣದಲ್ಲಿ ಹೋಗುತ್ತದೆ. ಹಾಗೆಂದು ಬಿಗಿ ಸಡಿಲವಾಗುವುದಿಲ್ಲ. ಮೊದಲು ಬೇರೆಯವರು ಹಾಕಿಬಿಡುತ್ತಾರೆ ಎಂಬ ಅವಸರ, ಖಚಿತಪಡಿಸಿಕೊಳ್ಳದೆ ಹಾಕಿದರೆ ಒಬ್ಬ ನಿರಪರಾಧಿಯ ಬಾಳು ಹಾಳಾಗುತ್ತದೆ ಎಂಬ ಅಂಜಿಕೆ, ಇವೆರಡರ ಎಳೆದಾಟ ಮೊದಲಿಗಿಂತ ಹೆಚ್ಚಾಗಿದೆ. ಪುಟ ಕಟ್ಟಿ ಅಚ್ಚಿಗೆ ಹೋಗುವ ಮುಂಚೆ ಒಂದು ಹೆಸರನ್ನು ಉಳಿಸಬೇಕೋ ತೆಗೆಯಬೇಕೋ ಎಂದು ಸಂಪಾದಕ ಕೇಳುವ ಆ ಹತ್ತು ನಿಮಿಷಗಳಿಗೆ ಸಮನಾದ ದೃಶ್ಯ ಈ ಬಗೆಯ ಕಥೆಯಲ್ಲಿ ಬೇರೆ ಇಲ್ಲ. ಬಂದೂಕು ಹಿಡಿದ ದೃಶ್ಯವೂ ಅದರ ಮುಂದೆ ಸಪ್ಪೆ.

ಪುರಾವೆ ಎಂದರೇನು ಎಂಬುದಕ್ಕೆ ಬೇಲೂರಿನಲ್ಲೇ ಒಂದು ಕಥೆ ಇದೆ. ಎಲ್ಲರಿಗೂ ಗೊತ್ತಿರುವ ಕಥೆ: ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದು ಎಲ್ಲಿಂದಲೋ ಬಂದ ಹುಡುಗನೊಬ್ಬ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎನ್ನುತ್ತಾನೆ ಶಿಲ್ಪಿ. ಮೂರ್ತಿಗೆ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದರೂ ಹೊಕ್ಕುಳ ಬಳಿ ಮಾತ್ರ ಒದ್ದೆ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟರೆ ನೀರು, ಒಳಗಿನಿಂದ ಕಪ್ಪೆ. ಆ ಹುಡುಗ ಡಂಕಣ, ತಂದೆಯನ್ನು ಹುಡುಕುತ್ತ ಬಂದ ಜಕಣಾಚಾರಿಯ ಮಗನೇ. ಇದು ಐತಿಹ್ಯ, ಕಪ್ಪೆ ಚೆನ್ನಿಗರಾಯನ ಹೆಸರಿನಲ್ಲಿ ಜನರ ನಾಲಗೆಯ ಮೇಲೆ ಉಳಿದಿದೆ. 1964ರಲ್ಲಿ ಬಿ.ಎಸ್. ರಂಗಾ ಅವರು ಇದನ್ನು 'ಅಮರಶಿಲ್ಪಿ ಜಕಣಾಚಾರಿ' ಎಂಬ ಬಣ್ಣದ ಚಿತ್ರವಾಗಿಯೂ ತೆಗೆದರು.

ಕಸುಬಿನ ಕಣ್ಣಿನಿಂದ ಇದನ್ನು ಮತ್ತೆ ನೋಡಿ. ಹುಡುಗನಿಗೆ ಮೊದಲ ನೋಟಕ್ಕೇ ಗೊತ್ತು. ಗೊತ್ತಿದ್ದರೆ ಸಾಲದು, ಊರಿನ ಮುಂದೆ ಸಾಬೀತಾಗಬೇಕು. ಎದುರಿಗಿರುವವನು ಅರಮನೆಯ ಮಾನ್ಯತೆ ಪಡೆದ ದೊಡ್ಡ ಮನುಷ್ಯ. ಅದಕ್ಕಾಗಿ ಎಲ್ಲರ ಕಣ್ಣಿಗೂ ಕಾಣುವ, ಯಾರೂ ಅಲ್ಲಗಳೆಯಲಾಗದ ಒಂದು ಪರೀಕ್ಷೆ. ಗಂಧ ಒಣಗುವವರೆಗೆ ಕಾಯುವ ಹೊತ್ತು. ಆಮೇಲೆ, ಸತ್ಯ ಹೊರಬಂದ ಮೇಲೆ ಅದರ ಬೆಲೆ: ಕತ್ತರಿಸಿದ ಕೈ ತಂದೆಯದು. ತನಿಖೆಯ ಕೊನೆಯಲ್ಲಿ ಹುಡುಕುವವನಿಗೆ ತನ್ನದೇ ರಕ್ತಸಂಬಂಧ ಎದುರಾಗುವ ಈ ತಿರುವನ್ನು ಜಗತ್ತಿನ ಎಷ್ಟೋ ರೋಚಕ ಕಥೆಗಳು ಬಳಸಿಕೊಂಡಿವೆ. ನಮ್ಮ ಹಿರಿಯರು ಅದನ್ನು ಬೇಲೂರಿನ ಗುಡಿಯ ಪ್ರಾಂಗಣದಲ್ಲಿ ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ.

ಬೇಲೂರಿನಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೆತ್ತಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳು ಮದನಿಕೆಯರ ಬಳಿ ಇಂದಿಗೂ ಸಿಗುತ್ತವೆ. ವರದಿಯ ಮೇಲೆ ಹಾಕುವ ಬೈಲೈನ್ ಕೂಡ ಇಂಥದೇ ಹೊಣೆ. ಕೆಲಸಕ್ಕೆ ಹೆಸರು ಹಾಕಿದವನು ಅದರ ತಪ್ಪಿಗೂ ಉತ್ತರ ಕೊಡಬೇಕು. ಈ ಕಥೆಗಳಲ್ಲಿ ವರದಿಗಾರನ ಧೈರ್ಯ ತೋರಿಸಲು ಹೊಡೆದಾಟ ಬೇಕಾಗಿಲ್ಲ. ಸಹಿ ಇಲ್ಲದೆ ಹಾಕಿಬಿಡೋಣ ಎಂದು ಸಂಪಾದಕ ಹೇಳಿದಾಗ, ಬೇಡ, ನನ್ನ ಹೆಸರಿನಲ್ಲೇ ಬರಲಿ ಎಂದರೆ ಸಾಕು.

ಮತ್ತೆ ಸಿನಿಮಾಕ್ಕೆ ಬರುವುದಾದರೆ, ಪವನ್ ಕುಮಾರ್ ಅವರ 'ಯು ಟರ್ನ್' 2016ರಲ್ಲಿ ಬಂತು. ಇದರಲ್ಲಿ ಬೆನ್ನು ಹತ್ತುವವಳು ಪತ್ರಿಕೆಯೊಂದರಲ್ಲಿ ತರಬೇತಿಯಲ್ಲಿರುವ ಹುಡುಗಿ ರಚನಾ. ಶ್ರದ್ಧಾ ಶ್ರೀನಾಥ್ ಮಾಡಿದ ಪಾತ್ರ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ಮೇಲೆ ವಿಭಜಕದ ಕಲ್ಲು ಸರಿಸಿ ಅಡ್ಡದಾರಿ ಹಿಡಿಯುವ ಬೈಕ್ ಸವಾರರ ವಾಹನ ಸಂಖ್ಯೆಗಳ ಪಟ್ಟಿಯನ್ನು ಅವಳು ಪಡೆಯುತ್ತಾಳೆ. ಸಣ್ಣ ನಾಗರಿಕ ಸಮಸ್ಯೆಯ ವರದಿ ಅದು. ಮಾತಾಡಿಸಲು ಹೋದರೆ ಪಟ್ಟಿಯಲ್ಲಿರುವವರು ಸತ್ತಿರುತ್ತಾರೆ. ಪೊಲೀಸರ ಕಣ್ಣು ಅವಳ ಮೇಲೆಯೇ ಬೀಳುತ್ತದೆ. ಇಲ್ಲಿನ ಜಾಣ್ಮೆಯನ್ನು ಮೆಚ್ಚಬೇಕು. ವರದಿಗಾರ್ತಿಯ ಅತ್ಯಂತ ಸಾಮಾನ್ಯ ಸಾಧನವಾದ ಟಿಪ್ಪಣಿ ಪುಸ್ತಕವೇ ಅವಳ ವಿರುದ್ಧದ ಸಾಕ್ಷ್ಯವಾಗಿ ತಿರುಗುತ್ತದೆ. ಹೊರಗಿನಿಂದ ಏನನ್ನೂ ತರದೆ ಕಸುಬಿನ ಒಳಗಿನಿಂದಲೇ ಅಪಾಯ ಹುಟ್ಟಿಸಿದ್ದಾರೆ. ಕೊನೆಗೆ ಕಥೆ ಅಲೌಕಿಕದ ಕಡೆಗೆ ಹೊರಳುವುದರ ಬಗ್ಗೆ ನನಗೆ ತಕರಾರಿದೆ. ಅಲ್ಲಿಯವರೆಗೆ ಪುರಾವೆಯ ಮೇಲೆ ನಡೆದ ಕಥೆಗೆ ಪುರಾವೆಯಲ್ಲೇ ಮುಗಿಯುವ ಶಕ್ತಿ ಇತ್ತು. ಹಾಗಿದ್ದರೂ ಮೊದಲ ಒಂದು ಗಂಟೆ ಯಾವ ಭಾಷೆಯ ರೋಚಕ ಚಿತ್ರದ ಪಕ್ಕದಲ್ಲೂ ನಿಲ್ಲುತ್ತದೆ.

ಹೇಮಂತ್ ರಾವ್ ಅವರ 'ಕವಲುದಾರಿ' (2019) ಮುಖ್ಯವಾಗಿ ಪೊಲೀಸನ ಕಥೆ. ರಸ್ತೆ ಬದಿ ಅಗೆದಾಗ ಸಿಕ್ಕ ಮೂಳೆಗಳು ದಶಕಗಳ ಹಿಂದಿನ ಕೊಲೆಗೆ ಕರೆದೊಯ್ಯುತ್ತವೆ. ಅದರಲ್ಲಿ ಅಚ್ಯುತ್ ಕುಮಾರ್ ಅವರು ಮಾಡಿದ ಪತ್ರಕರ್ತನ ಪಾತ್ರ ಚಿಕ್ಕದಾದರೂ ಕಣ್ಣಿಗೆ ಕಟ್ಟುತ್ತದೆ. ಹೊರಗಿನ ಜಗತ್ತಿನಲ್ಲಿ ಈ ವಿಷಯಕ್ಕೆ ಡೇವಿಡ್ ಫಿಂಚರ್ ಅವರ 'ಜೋಡಿಯಾಕ್' (2007) ದೊಡ್ಡ ಉದಾಹರಣೆ. 1969ರಲ್ಲಿ ಕ್ಯಾಲಿಫೋರ್ನಿಯದ ಕೊಲೆಗಾರನೊಬ್ಬ ಪತ್ರಿಕೆಗಳಿಗೇ ಕಾಗದ ಬರೆದು, ಮುಖಪುಟದಲ್ಲಿ ಹಾಕದಿದ್ದರೆ ಮತ್ತೆ ಕೊಲ್ಲುತ್ತೇನೆ ಎಂದು ಬೆದರಿಸಿದ. ಅವನು ಸಿಗಲೇ ಇಲ್ಲ. ಸಿಗದವನ ಕಥೆಯನ್ನು ಎರಡೂವರೆ ಗಂಟೆ ಹಿಡಿದು ನಿಲ್ಲಿಸಿರುವುದು ಹುಡುಕಾಟ ಎಂಬುದು ಮನುಷ್ಯನನ್ನು ಏನು ಮಾಡುತ್ತದೆ ಎಂಬ ಒಂದೇ ಎಳೆ.

ಪುಸ್ತಕದ ಕಡೆಗೆ ಬಂದರೆ, ಬೇಲೂರಿನ ಪಕ್ಕದ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ನಮ್ಮ ಮುಂದೆ ಇದೆ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ನಿಗೂಢ ಸಾವು, ತನಿಖೆಗೆಂದು ಕೆಸರೂರಿಗೆ ಬರುವ ಅಂಗಡಿ ಎಂಬ ಅಧಿಕಾರಿ. ಪತ್ತೇದಾರಿಯ ಚೌಕಟ್ಟಿನೊಳಗೆ ಒಂದು ಊರಿನ ಜಾತಿ, ಜಮೀನು, ಕಾಡು, ರಾಜಕೀಯ ಎಲ್ಲವೂ ಬಂದುಬಿಡುತ್ತದೆ. ಕೊಲೆ ಎಂಬುದು ಒಬ್ಬನ ಕೈಯ ಕೆಲಸವಾದರೂ ಅದಕ್ಕೆ ಇಡೀ ಊರು ನೆಲ ಹದ ಮಾಡಿಕೊಟ್ಟಿರುತ್ತದೆ ಎಂದು ಅದನ್ನು ಓದಿದವರಿಗೆ ಅನ್ನಿಸದೆ ಇರದು. ಈ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿಯನ್ನು ಕೆಳದರ್ಜೆಯ ಬರಹ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಸ್ಥಳವನ್ನು ಬಳಸುವುದರಲ್ಲೂ ತೇಜಸ್ವಿಯವರೇ ಗುರು. ಅವರ ಮಲೆನಾಡು ಹಿನ್ನೆಲೆಯ ಪರದೆ ಆಗುವುದಿಲ್ಲ; ಅಲ್ಲಿನ ಮಳೆ, ದಾರಿ, ಬೆಳೆ ಕಥೆಯನ್ನು ಮುಂದಕ್ಕೆ ನೂಕುತ್ತವೆ. ಬೇಲೂರು, ಹಳೇಬೀಡುಗಳನ್ನು ನಮ್ಮ ಸಿನಿಮಾದವರು ಹೆಚ್ಚಾಗಿ ಹಾಡಿನ ಚಿತ್ರೀಕರಣಕ್ಕೆ ಬಳಸಿದ್ದಾರೆ. ರೋಚಕ ಕಥೆಗೆ ಅವು ಬೇರೆಯದೇ ಕೊಡಬಲ್ಲವು. ಹೊಯ್ಸಳರ ಗುಡಿಗಳ ಗೋಡೆ ನೇರವಾಗಿಲ್ಲ, ಮೂಲೆ ಮೂಲೆಯಾಗಿ ಒಡೆದಿದೆ. ಪ್ರದಕ್ಷಿಣೆ ಬರುವಾಗ ಮುಂದಿನ ಮೂಲೆಯಾಚೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಕನ್ನಡಿಯಂಥ ಹೊಳಪು. ಮುಂದೆ ನಿಂತವರ ಬಿಂಬ ಅದರಲ್ಲಿ ಸೊಟ್ಟಸೊಟ್ಟಗೆ ಮೂಡುತ್ತದೆ. ಹೆದರಿದ ಸಾಕ್ಷಿಯೊಬ್ಬ ವರದಿಗಾರನನ್ನು ಅಲ್ಲಿ ಭೇಟಿಯಾಗುವಾಗ ಹಿಂದೆ ಬಂದು ನಿಂತ ಮೂರನೆಯವನು ಕಂಬದಲ್ಲಿ ಕಂಡರೆ, ಅದಕ್ಕೆ ಆ ಜಾಗವೇ ಬೇಕು, ಬೇರೆಡೆ ಆಗದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು, ಮಾರ್ಗದರ್ಶಿಗಳು, ವಸತಿಗೃಹ, ಜಮೀನಿನ ಬೆಲೆ ಎಲ್ಲದರ ಬಗ್ಗೆ ಮಾತು ಹೆಚ್ಚಿದೆ. ಹಣ ಬರುವ ಕಡೆ ಕೊಲೆಗೆ ಕಾರಣವೂ ಬರುತ್ತದೆ. ಕಥೆಗಾರ ಅಲ್ಲಿ ಕಣ್ಣಿಡಬೇಕು.

ಭಾಷೆಯ ವಿಷಯ ಹೇಳದೆ ಮುಗಿಸಲಾರೆ. ವರದಿಯ ಕನ್ನಡಕ್ಕೆ ಅದರದೇ ಒಂದು ಜಡತೆ ಇದೆ: ಅನುಮಾನಾಸ್ಪದವಾಗಿ ಮೃತಪಟ್ಟಿದ್ದಾರೆ, ಪೊಲೀಸರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದ್ದಾರೆ, ಪ್ರಕರಣ ದಾಖಲಾಗಿದೆ. ಕಥೆಗಾರ ಈ ಜಡತೆಯನ್ನೇ ಬಳಸಿಕೊಳ್ಳಬೇಕು. ಮೊದಲ ಅಧ್ಯಾಯದಲ್ಲಿ ಆ ಮೂರು ಸಾಲು ಹಾಗೇ ಅಚ್ಚಾಗಲಿ. ನಡುವೆ ಅದೇ ಸಾವು ಹತ್ತು ಸಾಲಾಗಲಿ, ಒಂದು ಹೆಸರು ಸೇರಲಿ, ಒಂದು ಕ್ರಿಯಾಪದ ಬದಲಾಗಲಿ. ಕೊನೆಯಲ್ಲಿ ಸಾವು ಎಂಬ ಜಾಗದಲ್ಲಿ ಕೊಲೆ ಎಂಬ ಪದ ಅಚ್ಚಾದರೆ, ಅಷ್ಟಕ್ಕಾಗಿ ಇನ್ನೂರು ಪುಟ ನಡೆದದ್ದು ಸಾರ್ಥಕ ಎಂದು ಓದುಗನಿಗೆ ಅನ್ನಿಸುತ್ತದೆ. ಓದುಗನಿಗೆ ಮೋಸ ಮಾಡಬಾರದು ಎಂಬ ನಿಯಮವೂ ಇಲ್ಲಿ ಕಟ್ಟುನಿಟ್ಟು. ವರದಿಗಾರ ಕಂಡದ್ದನ್ನೆಲ್ಲ ಓದುಗನೂ ಕಂಡಿರಬೇಕು. ಎಲ್ಲಿಂದಲೋ ಕೊನೆಯ ಪುಟಕ್ಕೆ ಬರುವ ಅವಳಿ ಸಹೋದರ, ಅಷ್ಟು ಹೊತ್ತೂ ಬಚ್ಚಿಟ್ಟ ಒಂದು ಡೈರಿ ಇಂಥವು ಬೇಡ.

ಟಿ.ವಿ.ಯ ಅಪರಾಧ ಕಾರ್ಯಕ್ರಮಗಳು ಕೊಲೆಯನ್ನು ಮರುನಟನೆ ಮಾಡಿ ತೋರಿಸುವುದನ್ನು ನೋಡಿದಾಗಲೆಲ್ಲ ಸತ್ತವರ ಮನೆಯವರು ಇದನ್ನು ನೋಡುತ್ತಿರಬಹುದಲ್ಲ ಎಂದು ಹೊಟ್ಟೆ ತೊಳಸುತ್ತದೆ. ಕಾದಂಬರಿಕಾರನಿಗೂ ಆ ಅಳುಕು ಇರಬೇಕು. ನಿಜವಾಗಿ ನಡೆದ ಕೊಲೆಯಿಂದ ಹೆಸರು, ಮನೆ ಎಲ್ಲವನ್ನೂ ಎತ್ತಿಕೊಂಡು ಬಂದು ಕಥೆ ಮಾಡುವುದು ಕಸುಬಲ್ಲ, ಕಳವು. ನಡೆಯಬಹುದಾದದ್ದನ್ನು ನಂಬುವಂತೆ ಕಟ್ಟುವುದು ಕಸುಬು.

ಹಾಸನ ಜಿಲ್ಲೆಯ ತಾಲ್ಲೂಕುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ವರದಿ ಮಾಡಿದವರು ಎಷ್ಟೋ ಜನ ಇದ್ದಾರೆ. ಠಾಣೆಯ ಒಳಹೊರಗು, ಶವಾಗಾರದ ಬಾಗಿಲು, ಮಂಡಿಯ ಲೆಕ್ಕ, ಬಸ್ಸಿನ ವೇಳೆ, ಯಾವ ಮನೆಗೂ ಯಾವ ಮನೆಗೂ ಮಾತಿಲ್ಲ ಎಂಬುದು ಅವರಿಗೆ ಗೊತ್ತು. ಗೊತ್ತಿದ್ದೂ ಅಚ್ಚು ಮಾಡಲಾಗದೆ ಉಳಿದದ್ದು ಅವರ ಬಳಿ ರಾಶಿ ಇದೆ. ಅವರಿಗೆ ನನ್ನ ಬೇಡಿಕೆ: ಹೆಸರುಗಳನ್ನು ಬದಲಿಸಿ, ಊರನ್ನು ಬದಲಿಸಬೇಡಿ, ಒಂದು ಕಾದಂಬರಿ ಬರೆಯಿರಿ. ಓದುಗರಿಗೆ ಹೇಳುವುದಿಷ್ಟೆ: 'ಆಕ್ಸಿಡೆಂಟ್' ನೋಡಿಲ್ಲದಿದ್ದರೆ ಈ ವಾರವೇ ನೋಡಿ.